ಡಾಂಬರು ಮುಟ್ಟುವ ತನಕ: ಎರಿ ನೆಲದ ಆಪತ್ತಿಗೆ ಎಂಥ ಗಾಡಿ, ಎಂಥ ಆರೈಕೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರುಗಳು ಒಂದೇ ಹೆದ್ದಾರಿಯ ಮೇಲಿವೆ. ರಾಷ್ಟ್ರೀಯ ಹೆದ್ದಾರಿ 150ಎ ಉತ್ತರಕ್ಕೆ ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು, ದಕ್ಷಿಣಕ್ಕೆ ದಢೇಸುಗೂರಿನಲ್ಲಿ ತುಂಗಭದ್ರೆಯನ್ನು ದಾಟುತ್ತದೆ. ಈ ಹೆದ್ದಾರಿಯ ಮೇಲಿದ್ದವನಿಗೆ ಯಾವ ಗಾಡಿಯಾದರೂ ನಡೆಯುತ್ತದೆ, ಹತ್ತು ವರ್ಷದ ಸಣ್ಣ ಕಾರೂ ನಡೆಯುತ್ತದೆ. ತೊಂದರೆ ಶುರುವಾಗುವುದು ಹೆದ್ದಾರಿ ಬಿಟ್ಟು ಒಳಗೆ ಹೊರಳಿದಾಗ. ಸಿಂಧನೂರಿನ ಕಡೆ ಕಾಲುವೆ ದಂಡೆಯ ಕ್ಯಾಂಪುಗಳು, ಲಿಂಗಸುಗೂರಿನ ಕಡೆ ದೊಡ್ಡಿ ಮತ್ತು ತಾಂಡಾಗಳು, ಮಸ್ಕಿಯ ಸುತ್ತ ಹಳ್ಳದ ಆಚೆಗಿನ ಹೊಲಮನೆಗಳು. ಅಲ್ಲಿಂದ ಡಾಂಬರಿಗೆ ಎರಡೋ ಮೂರೋ ಕಿಲೋಮೀಟರು. ಮಳೆ ಬಿದ್ದ ರಾತ್ರಿ ಆ ಮೂರು ಕಿಲೋಮೀಟರೇ ರಾಯಚೂರಿಗಿಂತ ದೂರ.

ಆಪತ್ತಿಗೆ ಗಾಡಿ ಇಟ್ಟುಕೊಳ್ಳುವ ವಿಚಾರವನ್ನು ಈ ಮೂರು ಕಿಲೋಮೀಟರಿನಿಂದಲೇ ಶುರು ಮಾಡಬೇಕು. ಅಮೆರಿಕದಲ್ಲಿ ಲೋಕವೇ ಮುಳುಗಿದರೆ ಓಡಿಹೋಗಲು ಅಂತ ತಿಂಗಳ ದಿನಸಿ, ಟೆಂಟು ಎಲ್ಲ ತುಂಬಿ ನಿಲ್ಲಿಸಿಟ್ಟ ದೈತ್ಯ ಗಾಡಿಗಳಿವೆ. ಅದು ಅವರ ಭಯ. ನಮ್ಮಲ್ಲಿ ಯಾರೂ ಊರು ಬಿಟ್ಟು ಓಡುವುದಿಲ್ಲ. ಹೆರಿಗೆ ನೋವು ಬಂದವಳನ್ನು, ಹಾವು ಕಡಿದವನನ್ನು, ಎದೆ ಹಿಡಿದುಕೊಂಡ ಮುದುಕನನ್ನು 108ರ ಆಂಬುಲೆನ್ಸು ನಿಲ್ಲುವ ಜಾಗದ ತನಕ ಮುಟ್ಟಿಸಬೇಕು, ಅಷ್ಟೆ.

ಇಲ್ಲಿಯ ಆಪತ್ತುಗಳು

ಒಟ್ಟು ಮಳೆ ಕಡಿಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರು. ಆದರೆ ಮೇಲಿನವರ ಮಳೆ ನಮ್ಮ ಮನೆ ಬಾಗಿಲಿಗೆ ಬರುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದು ಆಲಮಟ್ಟಿ, ನಾರಾಯಣಪುರ ಅಣೆಕಟ್ಟು ದಾಟಿ ಲಿಂಗಸುಗೂರು ತಾಲ್ಲೂಕಿಗೆ ಇಳಿಯುತ್ತದೆ. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಶೀಲಹಳ್ಳಿ ಸೇತುವೆ ಮುಳುಗುವುದು, ಹಂಚಿನಾಳ, ಯರಗೋಡಿ, ಕಡದರಗಡ್ಡಿ ಕಡೆಯವರು ಸುತ್ತು ಹಾಕಿ ಬರುವುದು ಹಳೆಯ ಕಥೆ. ಕರಕಲಗಡ್ಡಿ, ಮಾದರಗಡ್ಡಿಯಂಥ ನಡುಗಡ್ಡೆಗಳಿಗೆ ಗಾಡಿಯ ಮಾತೇ ಇಲ್ಲ, ಅಲ್ಲಿ ತೆಪ್ಪ, ಬೋಟು.

ತುಂಗಭದ್ರೆಯದು ಇನ್ನೊಂದು ಬಗೆ. 2009ರ ಸೆಪ್ಟೆಂಬರ್ ಕೊನೆಗೆ, ಮಳೆಗಾಲ ಮುಗಿಯಿತು ಅಂದುಕೊಂಡಾಗ, ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆ ಎರಡೂ ನದಿಗಳನ್ನು ಒಟ್ಟಿಗೆ ಉಕ್ಕಿಸಿತು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಕೊಚ್ಚಿಕೊಂಡು ಹೋದಾಗ ಮಳೆಯೂ ಇರಲಿಲ್ಲ, ಮುನ್ಸೂಚನೆಯೂ ಇರಲಿಲ್ಲ. ಮೂವತ್ತಮೂರು ಗೇಟುಗಳಲ್ಲಿ ಒಂದು ಹೋಯಿತು, ನದಿದಂಡೆಯ ಹಳ್ಳಿಗಳು ರಾತ್ರೋರಾತ್ರಿ ಎಚ್ಚರಾದವು. ವಾರದೊಳಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದ್ದು ಬೇರೆ ಮಾತು.

ಮೂರನೆಯದು ಹಳ್ಳಗಳು. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದಿಲ್ಲ, ಆದರೆ ಹೆಚ್ಚು ಮೋಸ ಮಾಡುವವು ಇವೇ. ಎಂಟು ತಿಂಗಳು ಒಣಗಿದ ಮಸ್ಕಿ ಹಳ್ಳ ಮೇಲೆ ಮಳೆಯಾಗಿ ಮಾರಲದಿನ್ನಿಯ ಜಲಾಶಯದ ಗೇಟು ತೆಗೆದ ಕೂಡಲೇ ಬೇರೆ ರೂಪ ತಾಳುತ್ತದೆ. ಬೆಳಿಗ್ಗೆ ಬೈಕಿನಲ್ಲಿ ದಾಟಿ ಹೋದವನು ಸಂಜೆ ಆಚೆ ದಂಡೆಯಲ್ಲೇ ನಿಲ್ಲಬೇಕಾಗುತ್ತದೆ.

ಎರಿ ಎಂಬ ನೆಲ

ಗಾಡಿಯ ಗುಣ ನೋಡುವ ಮೊದಲು ನೆಲದ ಗುಣ ನೋಡಬೇಕು. ಜಾಹೀರಾತಿನ ಜೀಪುಗಳು ಬಂಡೆ ಹತ್ತುತ್ತವೆ, ಮರಳ ದಿಬ್ಬ ಇಳಿಯುತ್ತವೆ. ಮುದಗಲ್ಲಿನ ಕಡೆಯ ಕಲ್ಲು, ಮಸಾರಿ ನೆಲಕ್ಕೆ ಅದು ಒಪ್ಪುತ್ತದೆ. ಸಿಂಧನೂರಿನ ಎರಿಗೆ, ಅಂದರೆ ಕಪ್ಪು ಮಣ್ಣಿಗೆ, ಒಪ್ಪುವುದಿಲ್ಲ.

ಎರಿಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟ ಹೊಲವೇ ಜುಲೈನಲ್ಲಿ ಅಂಟಿನ ಹಾಗೆ ಹಿಡಿಯುತ್ತದೆ. ಚಕ್ರ ಹುಗಿಯುವುದು ಎರಡನೆಯ ತೊಂದರೆ. ಮೊದಲನೆಯದು ಚಕ್ರಕ್ಕೆ ಮಣ್ಣು ಸುತ್ತಿಕೊಳ್ಳುವುದು. ಒಂದು ಸುತ್ತಿಗೆ ಒಂದು ಪದರ, ಹತ್ತು ಮಾರು ಹೋಗುವಷ್ಟರಲ್ಲಿ ಟೈರಿನ ಹಲ್ಲುಗಳೆಲ್ಲ ಮುಚ್ಚಿ ನುಣ್ಣಗಾಗುತ್ತವೆ. ಇನ್ನೂ ಹತ್ತು ಮಾರಿಗೆ ಮಣ್ಣು ಮಡ್‌ಗಾರ್ಡಿಗೆ ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಎಂಜಿನ್ ಗುರ್ರ್ ಅನ್ನುತ್ತದೆ, ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ, ಗಾಡಿ ಅಲ್ಲೇ. ಇಳಿದು ಹಾರೆಯಿಂದ ಕೆರೆದು ತೆಗೆಯಬೇಕು. ಮಳೆಗಾಲಕ್ಕೆ ಬೈಕಿನ ಮುಂದಿನ ಮಡ್‌ಗಾರ್ಡು ಬಿಚ್ಚಿ ಮನೆಯಲ್ಲಿಡುವವರು ಸುಮ್ಮನೆ ಹಾಗೆ ಮಾಡುವುದಿಲ್ಲ.

ಹಾಗಾಗಿ ಈ ನೆಲಕ್ಕೆ ಗಾಡಿ ಆರಿಸುವವನು ಮೊದಲು ನೋಡಬೇಕಾದದ್ದು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗ ಇದೆ ಅಂತ. ಒಂದು ಮುಷ್ಟಿ ಹೋಗದಿದ್ದರೆ ಆ ಗಾಡಿ ಎರಿಗೆ ಆಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಇದ್ದರೂ ಆಗುವುದಿಲ್ಲ. ಇನ್ನೊಂದು ಸಂಗತಿ: ಎರಿ ಒಂದೇ ಮಳೆಗೆ ಮೇಲಿನ ಎರಡು ಬೆರಳು ಮಾತ್ರ ನೆನೆದಿರುತ್ತದೆ, ಕೆಳಗೆ ಗಟ್ಟಿ. ಮೂರು ದಿನ ಜಡಿ ಹಿಡಿದರೆ ಕೆಳಗೂ ಸಡಿಲ. ಮೊದಲನೆಯದರಲ್ಲಿ ಹೋಗಿ ಬಂದೆ ಅಂತ ಎರಡನೆಯದಕ್ಕೆ ಇಳಿದವರನ್ನು ಎಳೆದು ತರಲು ಟ್ರ್ಯಾಕ್ಟರೇ ಹೋಗಬೇಕು.

ಮೊದಲ ಗಾಡಿ ಟ್ರ್ಯಾಕ್ಟರ್

ಎಳೆಯಲು ಟ್ರ್ಯಾಕ್ಟರೇ ಹೋಗುವುದಾದರೆ ಮೊದಲೇ ಅದರಲ್ಲೇ ಹೋಗಬಾರದೇಕೆ? ನನ್ನ ಲೆಕ್ಕದಲ್ಲಿ ಈ ಮೂರು ತಾಲ್ಲೂಕುಗಳ ನಿಜವಾದ ಆಪತ್ತಿನ ಗಾಡಿ ಅದೇ. ಭತ್ತದ ಸೀಮೆಯಲ್ಲಿ ಅದು ಪ್ರತಿ ಊರಿನಲ್ಲೂ ಇದೆ, ಹೊಡೆಯುವವರು ಪ್ರತಿ ಓಣಿಯಲ್ಲೂ ಇದ್ದಾರೆ, ಕೆಟ್ಟರೆ ರಿಪೇರಿ ಮಾಡುವವರು ಪ್ರತಿ ಕ್ರಾಸಿನಲ್ಲೂ ಸಿಗುತ್ತಾರೆ. ಎದೆಮಟ್ಟಕ್ಕೆ ಬರುವ ಹಿಂದಿನ ಚಕ್ರ, ತಾನೇ ಮಣ್ಣು ಉದುರಿಸಿಕೊಳ್ಳುವ ಓರೆ ಹಲ್ಲು, ಎರಡು ಟನ್ನಿನ ಆಸುಪಾಸಿನ ತೂಕ, ಬಾನೆಟ್ಟಿನ ಎತ್ತರದಲ್ಲಿ ಗಾಳಿ ಎಳೆಯುವ ಬಾಯಿ. ಜೀಪಿಗೆ ದುಡ್ಡು ಕೊಟ್ಟು ಜೋಡಿಸುವುದನ್ನೆಲ್ಲ ಇದು ಹುಟ್ಟುವಾಗಲೇ ಪಡೆದು ಬಂದಿದೆ. ಸೀಟಿನ ಕೆಳಗೆ, ಬಲಗಾಲಿನ ಹಿಮ್ಮಡಿಯ ಹತ್ತಿರ ಒಂದು ಸಣ್ಣ ಪೆಡಲು ಇರುತ್ತದೆ: ಡಿಫರೆನ್ಷಿಯಲ್ ಲಾಕ್. ಹಿಂದಿನ ಒಂದು ಚಕ್ರ ಸುಮ್ಮನೆ ತಿರುಗಿ ಇನ್ನೊಂದು ನಿಂತಾಗ ಅದನ್ನು ಒತ್ತಿದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಹತ್ತು ವರ್ಷ ಟ್ರ್ಯಾಕ್ಟರ್ ಹೊಡೆದು ಆ ಪೆಡಲು ಏಕಿದೆ ಅಂತ ಗೊತ್ತಿರದವರನ್ನು ಕಂಡಿದ್ದೇನೆ. ಒತ್ತಿಕೊಂಡೇ ತಿರುವು ತೆಗೆದುಕೊಂಡರೆ ಗೇರು ಮುರಿಯುತ್ತದೆ, ನೇರಕ್ಕೆ ಹೊರಬಂದ ಮೇಲೆ ಬಿಡಬೇಕು.

ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸುವುದು ರೈತರಿಗೆ ಗೊತ್ತಿರುವ ಉಪಾಯ. ಇದರಿಂದ ಹಿಡಿತ ಹೆಚ್ಚುತ್ತದೆ. ಗದ್ದೆಯ ಕೇಜ್ ವ್ಹೀಲ್ ಇನ್ನೂ ಹೆಚ್ಚು ಹಿಡಿಯುತ್ತದೆ, ಆದರೆ ಡಾಂಬರನ್ನು ಕಿತ್ತು ಹಾಕುತ್ತದೆ.

ದೋಷಗಳೂ ಇವೆ, ಅವು ಸಣ್ಣವಲ್ಲ. ಟ್ರ್ಯಾಕ್ಟರಿಗೆ ಸ್ಪ್ರಿಂಗೇ ಇಲ್ಲ, ಹೆರಿಗೆ ನೋವಿನವಳಿಗೆ ಆ ಕುಲುಕಾಟ ನರಕ. ಟ್ರೇಲರಿನಲ್ಲಿ ಹುಲ್ಲು ಹಾಸಿ, ಅದರ ಮೇಲೆ ಹಾಸಿಗೆ ಹಾಕಿ, ತಾಡಪಾಲು ಕಟ್ಟಿ ಒಯ್ಯುವುದು ರೂಢಿ. ಇಲ್ಲೇ ಎಚ್ಚರ ಬೇಕು. ಟ್ರ್ಯಾಕ್ಟರ್ ಹಿಡಿದು ನಿಲ್ಲುವ ನೀರಿನಲ್ಲಿ ಖಾಲಿ ಟ್ರೇಲರ್ ತೇಲುತ್ತದೆ. ಸುತ್ತಲೂ ತಗಡಿನ ಗೋಡೆ ಇರುವ ಪೆಟ್ಟಿಗೆ ಅದು, ಒಂದು ಬಗೆಯ ದೋಣಿ. ಹರಿವು ಅದನ್ನು ಪಕ್ಕಕ್ಕೆ ತಳ್ಳಿದರೆ ಮುಂದಿನ ಟ್ರ್ಯಾಕ್ಟರನ್ನೂ ಮಗುಚುತ್ತದೆ. ಹರಿಯುವ ಹಳ್ಳಕ್ಕೆ ಟ್ರೇಲರ್ ಸಮೇತ ಇಳಿಯಲೇಬಾರದು.

ಜೀಪಿನಿಂದ ಕ್ರೂಸರ್ ತನಕ

ಎರಡನೆಯ ಮಹಾಯುದ್ಧಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪನ್ನು ಮಹೀಂದ್ರ ಕಂಪನಿ 1947ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿತು. ನೀರಾವರಿ ಇಲಾಖೆ, ಕಂದಾಯ ಇಲಾಖೆ, ಪೊಲೀಸರು ಎಲ್ಲರೂ ಅದರಲ್ಲೇ ತಿರುಗಿದರು. ತುಂಗಭದ್ರಾ ಎಡದಂಡೆ ಕಾಲುವೆಯ 227 ಕಿಲೋಮೀಟರಿನ ದಂಡೆಯ ಮೇಲೆ ಎಂಜಿನಿಯರುಗಳು ಓಡಾಡಿದ್ದು ಜೀಪಿನಲ್ಲಿ. 1985ರಲ್ಲಿ ಮಾರುತಿ ಜಿಪ್ಸಿ ಬಂತು, 2000ದಲ್ಲಿ ಬೊಲೆರೊ ಬಂತು. ಹಳ್ಳಿಯ ಜನ ಮಾತ್ರ ಟ್ರ್ಯಾಕ್ಸ್, ಕಮಾಂಡರು, ಈಗ ಕ್ರೂಸರ್ ಹತ್ತಿದರು. ಮದುವೆ ದಿಬ್ಬಣಕ್ಕೂ ಅದೇ, ಆಸ್ಪತ್ರೆಗೂ ಅದೇ.

ಈಗ ಪೇಟೆಯಲ್ಲಿ ಸಿಗುವ ನಾಲ್ಕು ಚಕ್ರಕ್ಕೂ ಶಕ್ತಿಯಿರುವ ಗಾಡಿಗಳಲ್ಲಿ ನಮ್ಮ ನೆಲಕ್ಕೆ ನೆನಪಿಗೆ ಬರುವುವು ಮೂರು. 2020ರಲ್ಲಿ ಹೊಸ ರೂಪದಲ್ಲಿ ಬಂದ ಥಾರ್ 650 ಮಿಲಿಮೀಟರು ನೀರು ದಾಟುತ್ತದೆ ಎಂದು ಕಂಪನಿ ಹೇಳುತ್ತದೆ. ಫೋರ್ಸ್ ಗೂರ್ಖಾ 700 ಮಿಲಿಮೀಟರು ದಾಟುತ್ತದೆ, ಮುಂದೂ ಹಿಂದೂ ಡಿಫರೆನ್ಷಿಯಲ್ ಲಾಕ್ ಇದೆ. ಜಿಮ್ನಿ ಹಗುರ, ನೆಲದಿಂದ 210 ಮಿಲಿಮೀಟರು ಎತ್ತರ. ಹಗುರವಾದದ್ದು ಕೆಸರಿನಲ್ಲಿ ಕಡಿಮೆ ಹುಗಿಯುತ್ತದೆ, ಹುಗಿದರೂ ನಾಲ್ಕು ಜನ ತಳ್ಳಿ ಎತ್ತಬಹುದು.

ಈ ಅಂಕಿಗಳ ಜೊತೆ ಯಾರೂ ಕೇಳದ ಒಂದು ಪ್ರಶ್ನೆ ಇದೆ: ಮನುಷ್ಯನನ್ನು ಮಲಗಿಸಲು ಆಗುತ್ತದೆಯೇ? ಮೂರು ಬಾಗಿಲಿನ ಥಾರಿನ ಹಿಂದಿನ ಸೀಟಿಗೆ ಗಟ್ಟಿಮುಟ್ಟಾದವನೇ ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ ಹತ್ತಬೇಕು. ಬೆನ್ನುಮೂಳೆಗೆ ಪೆಟ್ಟು ಬಿದ್ದವನನ್ನು ಅದರೊಳಗೆ ಹೇಗೆ ತೂರಿಸುತ್ತೀರಿ? ಕ್ರೂಸರಿನ ಹಿಂಬಾಗಿಲು ತೆಗೆದು, ಎದುರುಬದುರು ಸೀಟಿನ ನಡುವೆ ಹೊರಸು ಇಡಬಹುದು. ಬೊಲೆರೊ ಪಿಕಪ್ಪಿನಲ್ಲಿ ಹಾಸಿಗೆಯನ್ನೇ ಹಾಕಬಹುದು. ಇವು ಬಹುಪಾಲು ಹಿಂದಿನ ಚಕ್ರದ ಗಾಡಿಗಳು ನಿಜ, ಆದರೆ ಎತ್ತರವಿದೆ, ಗಟ್ಟಿ ಚಾಸಿ ಇದೆ, ಬಿಡಿಭಾಗ ಸಿಂಧನೂರಿನ ಅಂಗಡಿಯಲ್ಲೇ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಫ್ಯಾನ್ ಬೆಲ್ಟು ಹರಿದರೆ ಹುಬ್ಬಳ್ಳಿಯಿಂದ ತರಿಸಬೇಕಾದ ಗಾಡಿ ಆಪತ್ತಿನ ಗಾಡಿಯಲ್ಲ.

ದುಡ್ಡಿದ್ದು ಒಂದೇ ಗಾಡಿ ಕೊಳ್ಳುವುದಾದರೆ ಐದು ಬಾಗಿಲಿನ, ಲೋ ಗೇರ್ ಇರುವ ಫೋರ್ ವ್ಹೀಲ್ ಡ್ರೈವ್ ಕೊಳ್ಳಿ. ಇಲ್ಲವಾದರೆ ಊರಿನ ಟ್ರ್ಯಾಕ್ಟರು ಮತ್ತು ಊರಿನ ಕ್ರೂಸರು ಜೋಡಿ ಸಾಕು. ಒಂದು ಮಣ್ಣು ದಾಟಿಸಲಿ, ಇನ್ನೊಂದು ಡಾಂಬರಿನಲ್ಲಿ ಕಾಯಲಿ.

ನಾಲ್ಕು ಚಕ್ರದ ಲೆಕ್ಕ

ಎತ್ತಿನ ಬಂಡಿಯ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಿರುಗುತ್ತವೆ. ಬಂಡಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರ ಹೋಗುತ್ತದೆ, ಒಳಗಿನದು ಕಡಿಮೆ. ಎಳೆಯುವುದು ಎತ್ತು, ಆದ್ದರಿಂದ ತೊಂದರೆಯಿಲ್ಲ. ಮೋಟಾರು ಗಾಡಿಯಲ್ಲಿ ಗಾಲಿಯೇ ತಳ್ಳಬೇಕು, ಅದೂ ಬೇರೆ ಬೇರೆ ವೇಗದಲ್ಲಿ. ಇದಕ್ಕೆ ಮಾಡಿದ ಗೇರುಗಳ ಗುಂಡು ಡಿಫರೆನ್ಷಿಯಲ್. ಅದರ ಕೆಟ್ಟ ಗುಣವೆಂದರೆ ಯಾವ ಚಕ್ರ ಸುಲಭಕ್ಕೆ ತಿರುಗುತ್ತದೋ ಅದನ್ನೇ ತಿರುಗಿಸುತ್ತದೆ. ಕೆಸರಿನಲ್ಲಿ ಜಾರುವ ಚಕ್ರ ಗಿರಗಿರ, ಗಟ್ಟಿ ನೆಲದಲ್ಲಿರುವ ಚಕ್ರ ನಿಶ್ಚಲ. ಲಾಕ್ ಇದ್ದರೆ ಎರಡನ್ನೂ ಕಟ್ಟಿಹಾಕುತ್ತದೆ.

ಫೋರ್ ವ್ಹೀಲ್ ಡ್ರೈವ್ ಅಂದರೆ ಮುಂದಿನ ಅಚ್ಚಿಗೂ ಶಕ್ತಿ. ಇದನ್ನು ಹಾಕಿಕೊಂಡು ಒಣ ಡಾಂಬರಿನಲ್ಲಿ ಓಡಿಸಬಾರದು. ಮುಂದಿನ, ಹಿಂದಿನ ಅಚ್ಚುಗಳು ಒಂದಕ್ಕೊಂದು ಎಳೆದಾಡಿ ಗೇರುಪೆಟ್ಟಿಗೆ ಬಿಗಿಯುತ್ತದೆ. ಅದರ ಜೊತೆಗಿನ ಲೋ ಗೇರ್ ಮಾತ್ರ ನಿಜವಾದ ಬಂಗಾರ (ಹಟ್ಟಿ ಚಿನ್ನದ ಗಣಿಯ ತಾಲ್ಲೂಕಿನಲ್ಲಿ ಕೂತು ಬರೆಯುವಾಗ ಬೇರೆ ಹೋಲಿಕೆ ಹೊಳೆಯುವುದಿಲ್ಲ). ನಡಿಗೆಯ ವೇಗದಲ್ಲಿ ಕ್ಲಚ್ಚು ಸುಡದೆ ಕೆಸರು ದಾಟಿಸುವುದು ಅದು. ಎರಿಗೆ ಸಿಕ್ಕಮೇಲೆ ಲೋ ಗೇರು ಹಾಕುವವನು ಹೊಸಬ. ತಿಳಿದವನು ಸಿಗುವ ಮೊದಲೇ ಹಾಕುತ್ತಾನೆ.

ನೀರಿನ ಎದುರು ಗಾಡಿ ಎಷ್ಟು

650 ಮಿಲಿಮೀಟರು ದಾಟುತ್ತದೆ ಎಂದರೆ ನಿಂತ ನೀರಿನಲ್ಲಿ, ಗಟ್ಟಿ ತಳದಲ್ಲಿ, ಎಂಜಿನ್ನಿಗೆ ನೀರು ಹೋಗುವುದಿಲ್ಲ ಎಂದು ಅರ್ಥ. ಹರಿಯುವ ನೀರಿನ ಬಗ್ಗೆ ಕಂಪನಿ ಏನೂ ಹೇಳಿಲ್ಲ.

ಲೆಕ್ಕ ಸರಳ. ಗಾಡಿಯ ತಳದ ಹರಹು ಆರು ಚದರ ಮೀಟರು ಎಂದುಕೊಳ್ಳಿ. ತಳಕ್ಕಿಂತ 10 ಸೆಂಟಿಮೀಟರು ಮೇಲೆ ನೀರು ಏರಿದರೆ 600 ಲೀಟರು ನೀರನ್ನು ಗಾಡಿ ಸರಿಸಿತು, ಅಂದರೆ 600 ಕಿಲೋ ತೂಕ ಕಳೆದುಕೊಂಡಿತು. 30 ಸೆಂಟಿಮೀಟರಿಗೆ 1,800 ಕಿಲೋ. ಒಂದು ಜೀಪಿನ ತೂಕವೇ ಅಷ್ಟು. ಬಾಗಿಲ ಸಂದಿಯಿಂದ ನೀರು ಒಳಗೆ ಬಂದು ತೂಕ ಮರಳುವ ಮೊದಲೇ ಚಕ್ರಗಳು ನೆಲ ಬಿಟ್ಟಿರುತ್ತವೆ. ಹರಿವಿಗೆ ಅಷ್ಟು ಸಾಕು. ಅಮೆರಿಕದ ಹವಾಮಾನ ಇಲಾಖೆ ತನ್ನ ಜನಕ್ಕೆ ಹೇಳುವ ಅಳತೆಯೂ ಇದೇ: ಒಂದಡಿ ಹರಿವು ಸಣ್ಣ ಕಾರನ್ನು ತೇಲಿಸುತ್ತದೆ, ಎರಡಡಿ ದೊಡ್ಡ ಗಾಡಿಯನ್ನೂ ಒಯ್ಯುತ್ತದೆ. ವಿಚಿತ್ರವೆಂದರೆ ಗಾಳಿಯಾಡದಂತೆ ಚೆನ್ನಾಗಿ ಮುಚ್ಚಿದ ಹೊಸ ಗಾಡಿ ಹಳೆಯ ತೂತು ಜೀಪಿಗಿಂತ ಬೇಗ ತೇಲುತ್ತದೆ.

2019ರ ಆಗಸ್ಟಿನಲ್ಲಿ ಪಕ್ಕದ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ ನಡೆದದ್ದು ದೇಶಕ್ಕೆಲ್ಲ ಗೊತ್ತು. ಶವ ಮತ್ತು ಮಕ್ಕಳನ್ನು ಹೊತ್ತ ಆಂಬುಲೆನ್ಸು ಪ್ರವಾಹ ಏರಿದ ಸೇತುವೆಯ ಮುಂದೆ ನಿಂತಿತು. ರಸ್ತೆ ಎಲ್ಲಿದೆ, ಅಂಚು ಎಲ್ಲಿದೆ ಕಾಣುತ್ತಿರಲಿಲ್ಲ. ಹನ್ನೆರಡರ ಹುಡುಗನೊಬ್ಬ ಸೊಂಟಮಟ್ಟದ ನೀರಿನಲ್ಲಿ ಮುಂದೆ ಮುಂದೆ ಓಡುತ್ತ, ಮುಗ್ಗರಿಸುತ್ತ, ದಾರಿ ತೋರಿಸಿದ. ಗಾಡಿ ಅವನ ಹಿಂದೆ ಬಂದು ದಾಟಿತು. ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು, ಬರಬೇಕಾದದ್ದೇ. ಆದರೆ ಆ ವಿಡಿಯೊ ನೋಡುವಾಗಲೆಲ್ಲ ನನಗೆ ಕಾಣುವುದು ಆ ಸೇತುವೆಯ ಪಕ್ಕ ಒಂದೂ ಅಳತೆಗಂಬ ಇಲ್ಲದಿರುವುದು. ಕೆಂಪು ಬಿಳಿ ಬಣ್ಣ ಬಳಿದ ನಾಲ್ಕು ಕಂಬ ಮಾಡಬೇಕಾದ ಕೆಲಸವನ್ನು ಒಂದು ಮಗು ಮಾಡಿತು.

ನಿಂತ ನೀರಿನಲ್ಲಿ ಇಳಿಯಲೇಬೇಕಾದರೆ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕೋಲು ಊರುತ್ತ ಮೊದಲು ನಡೆದು ನೋಡಲಿ. ಮೊಣಕಾಲು ದಾಟಿದರೆ, ಕಾಲು ಎಳೆದರೆ, ವಾಪಸು. ಏಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಲೋ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗಿ, ನಡುವೆ ಗೇರು ಬದಲಿಸಬೇಡಿ. ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಗಾಳಿಯ ಹಾಗೆ ನೀರನ್ನು ಅದುಮಲು ಪಿಸ್ಟನ್ನಿಗೆ ಆಗುವುದಿಲ್ಲ, ಕನೆಕ್ಟಿಂಗ್ ರಾಡು ಬಾಗುತ್ತದೆ. ಸಾಮಾನ್ಯ ವಿಮೆ ಹೀಗೆ ಹಾಳಾದ ಎಂಜಿನ್ನಿಗೆ ದುಡ್ಡು ಕೊಡುವುದಿಲ್ಲ, ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕಂತು ಕಟ್ಟಿರಬೇಕು.

ಟೈರು

ಹೆದ್ದಾರಿಗೆ ಕೊಟ್ಟ ಟೈರಿನಲ್ಲಿ ಎರಿಗೆ ಇಳಿದರೆ ಯಾವ ಲಾಕೂ ಕೈ ಹಿಡಿಯುವುದಿಲ್ಲ. ಅಗಲ ಹಲ್ಲಿನ ಮಡ್ ಟೈರು ಕೆಸರಿಗೆ ಒಳ್ಳೆಯದು, ಡಾಂಬರಿನಲ್ಲಿ ಗಲಾಟೆ ಮಾಡುತ್ತದೆ, ಮಳೆಯಲ್ಲಿ ಬ್ರೇಕು ಹಿಡಿದರೆ ಜಾರುತ್ತದೆ. ವರ್ಷದ ಎಂಟು ತಿಂಗಳು ರಸ್ತೆಯಲ್ಲೇ ಇರುವ ಗಾಡಿಗೆ ನಡುವಿನ ಜಾತಿಯ ಆಲ್ ಟೆರೇನ್ ಸಾಕು. ಕೆಸರಿಗೆ ಇಳಿಯುವ ಮುನ್ನ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರು ಅಗಲವಾಗಿ ಕೂರುತ್ತದೆ. ಮತ್ತೆ ತುಂಬಲು ಬ್ಯಾಟರಿಯಿಂದ ಓಡುವ ಸಣ್ಣ ಪಂಪು ಗಾಡಿಯಲ್ಲೇ ಇರಬೇಕು. ಇಲ್ಲದಿದ್ದರೆ ಇಳಿಸಲೇಬೇಡಿ.

ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ ಮಾಲು. ನಮ್ಮ ಬಿಸಿಲಿಗೆ ನಿಂತಲ್ಲೇ ರಬ್ಬರು ಬಿರಿಯುತ್ತದೆ, ಆರು ವರ್ಷ ದಾಟಿದ್ದು ಹಲ್ಲು ಚೂಪಾಗಿದ್ದರೂ ಬದಲಿಸಬೇಕು. ಹೊಲದಲ್ಲಿ ತೊಗರಿ, ಹತ್ತಿ ಕೊಯ್ದು ಉಳಿದ ಕೂಳೆ ಟೈರಿನ ಪಕ್ಕೆಯನ್ನೇ ಚುಚ್ಚುತ್ತದೆ, ಪಕ್ಕೆಯ ತೂತಿಗೆ ಪಂಕ್ಚರ್ ಇಲ್ಲ. ಹುಗಿದ ಚಕ್ರದ ಕೆಳಗೆ ಕೈಗೆ ಸಿಕ್ಕ ಜಾಲಿ ಟೊಂಗೆ ತುರುಕುವವರಿದ್ದಾರೆ. ಬಳ್ಳಾರಿ ಜಾಲಿಯ ಮುಳ್ಳು ಎಂಥದ್ದು ಅಂತ ಗೊತ್ತಿದ್ದೂ ತುರುಕುತ್ತಾರೆ. ಗೋಣಿಚೀಲ ಹಾಕಿ.

ಆರೈಕೆ

ಒಂದು ವರ್ಷ ಜುಲೈನಲ್ಲಿ ನಮ್ಮ ಹಳೆಯ ಜೀಪನ್ನು ಹೊರತೆಗೆಯಲು ಹೋದೆ. ಫೆಬ್ರುವರಿಯಿಂದ ನಿಲ್ಲಿಸಿದ್ದು. ಕೀಲಿ ತಿರುಗಿಸಿದರೆ ಟಿಕ್ ಎಂಬ ಶಬ್ದ ಮಾತ್ರ. ಬಾನೆಟ್ಟು ಎತ್ತಿದರೆ ಇಲಿ ಗೂಡು, ಭತ್ತದ ಹೊಟ್ಟು, ಕಡಿದ ವಯರು. ತಳ್ಳಿ ಶುರು ಮಾಡಿ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಹುಡುಗ ಹಿಂದಿನ ಡಿಫರೆನ್ಷಿಯಲ್ಲಿನ ಬೋಲ್ಟು ಬಿಚ್ಚಿ ಕೆಳಗೆ ತಟ್ಟೆ ಹಿಡಿದ. ಕಪ್ಪಗೆ ಜೇನಿನ ಹಾಗೆ ಇಳಿಯಬೇಕಾದದ್ದು ಕೆನೆಗಟ್ಟಿದ ಬಣ್ಣದಲ್ಲಿ ಇಳಿಯಿತು. ಬೆರಳಲ್ಲಿ ಅದ್ದಿ ತೋರಿಸಿದ: “ಸರ್ರ, ಇದು ಆಯಿಲ್ ಅಲ್ರಿ, ಚಾ ಐತಿ ನೋಡ್ರಿ.” ಹಿಂದಿನ ಮಳೆಗಾಲದಲ್ಲಿ ಹಳ್ಳ ದಾಟಿದಾಗ ಹೋದ ನೀರು ಎಂಟು ತಿಂಗಳು ಗೇರಿನ ಹಲ್ಲನ್ನು ತಿನ್ನುತ್ತ ಒಳಗೇ ಕೂತಿತ್ತು.

ಆಗುವುದು ಹೀಗೆ. ಓಡಿ ಬಿಸಿಯಾದ ಅಚ್ಚಿನ ಪೆಟ್ಟಿಗೆ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ, ಬ್ರೀದರ್ ಎಂಬ ಗಾಳಿಯಾಡುವ ತೂತಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಬ್ರೀದರಿನ ಬಾಯಿಗೆ ಒಂದು ಉದ್ದ ನಳಿಗೆ ಸಿಕ್ಕಿಸಿ ಎಂಜಿನ್ನಿನ ಎತ್ತರಕ್ಕೆ ಕಟ್ಟಬೇಕು, ತೀರಾ ಅಗ್ಗದ ಕೆಲಸ. ಆಳದ ನೀರು ದಾಟಿದ ವಾರದೊಳಗೆ ಮುಂದಿನ, ಹಿಂದಿನ ಡಿಫರೆನ್ಷಿಯಲ್, ಗೇರುಪೆಟ್ಟಿಗೆಗಳ ಆಯಿಲು ನೋಡಬೇಕು. ಚಹಾ ಬಣ್ಣ ಬಂದಿದ್ದರೆ ಪೂರ್ತಿ ಬದಲಿಸಬೇಕು. ಚಕ್ರದ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟಿನ ನಿಪ್ಪಲ್ಲುಗಳಿಗೆ ಹೊಸ ಗ್ರೀಸು ಹೊಡೆಸಬೇಕು, ಹಳೆಯದು ಹೊರಬರುವ ತನಕ. ಡ್ರಮ್ ಬ್ರೇಕಿನೊಳಗೆ ಎರಿ ಕೂತು ಒಣಗಿದರೆ ಇಟ್ಟಿಗೆಯಂತಾಗುತ್ತದೆ, ಬಿಚ್ಚಿ ತೊಳೆಸಿ. ನೀರಿನಿಂದ ಹೊರಬಂದ ಕೂಡಲೇ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ, ಮೊದಲ ಒತ್ತು ಹಿಡಿಯುವುದಿಲ್ಲ.

ಸುಗ್ಗಿಯ ಕಾಲದಲ್ಲಿ ತೊಂದರೆ ಬೇರೆ. ಭತ್ತದ ಹೊಟ್ಟು, ಹತ್ತಿಯ ಎಳೆ ರೇಡಿಯೇಟರಿನ ಜಾಲಿಗೆ ತುಂಬಿ ಎಂಜಿನ್ ಕುದಿಯುತ್ತದೆ. ಮುಂದಿನಿಂದ ಗಾಳಿ ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ, ಎಂಜಿನ್ ಕಡೆಯಿಂದ ಹೊರಕ್ಕೆ ಹೊಡೆಯಬೇಕು. ಏರ್ ಫಿಲ್ಟರು ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಕಾಯುವುದಿಲ್ಲ, ನಮ್ಮ ಧೂಳಿಗೆ ಅದರ ಅರ್ಧಕ್ಕೇ ಮುಗಿಯುತ್ತದೆ. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ತಳದ ನೀರನ್ನು ತಿಂಗಳಿಗೊಮ್ಮೆ ಬಸಿಯಿರಿ. ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಇಳಿದರೆ ಅರ್ಧ. ಅದನ್ನು ಕೊಲ್ಲುವುದು ಚಳಿಗಿಂತ ನಮ್ಮ ಏಪ್ರಿಲ್ ಮೇ ತಿಂಗಳ ಕಾವು.

2020ರ ಏಪ್ರಿಲ್ 1ರ ನಂತರದ ಬಿಎಸ್6 ಡೀಸೆಲ್ ಗಾಡಿಗಳಿಗೆ ಇನ್ನೊಂದು ಕಾಟ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರು ಇದೆ. ದಿನಾ ಎರಡು ಕಿಲೋಮೀಟರು ಹೊಲಕ್ಕೆ ಹೋಗಿ ಬಂದರೆ ಅದು ಬಿಸಿಯಾಗಿ ಮಸಿ ಸುಡುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಮಸ್ಕಿಯಿಂದ ಲಿಂಗಸುಗೂರಿನ ತನಕ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ ತನ್ನಿ. ಯೂರಿಯಾ ದ್ರಾವಣ ಬೇಡುವ ಗಾಡಿಯಾದರೆ ಆ ಡಬ್ಬಿ ಖಾಲಿಯಾಗಲು ಬಿಡಬೇಡಿ, ಖಾಲಿಯಾದರೆ ಎಂಜಿನ್ ಮತ್ತೆ ಶುರುವಾಗುವುದಿಲ್ಲ. ಹೊಲಕ್ಕೆ ಹಾಕುವ ಯೂರಿಯಾ ಕರಗಿಸಿ ಹಾಕುವ ಬುದ್ಧಿವಂತಿಕೆ ದಯವಿಟ್ಟು ಬೇಡ.

ಫೋರ್ ವ್ಹೀಲ್ ಡ್ರೈವಿನ ಲಿವರನ್ನು ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಹಾಕಿ ತೆಗೆಯಬೇಕು. ಇದನ್ನು ಮಾಡದೆ ಐದು ವರ್ಷ ಬಿಟ್ಟ ಲಿವರು ಬೇಕಾದ ರಾತ್ರಿ ಕಲ್ಲಾಗಿರುತ್ತದೆ.

ಹಳೆಯ ಗಾಡಿ, ಕಾಯ್ದೆ

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಪ್ರವಾಹದಲ್ಲಿ ಮುಳುಗಿದ ಗಾಡಿಗೆ ಬಣ್ಣ ಹೊಡೆಯುತ್ತಾರೆ, ಸೀಟು ಬದಲಿಸುತ್ತಾರೆ, ಬೆಲ್ಟಿನ ತುದಿಯ ಮಣ್ಣಿನ ಗೆರೆ ತೊಳೆಯಲು ಮರೆಯುತ್ತಾರೆ. ತೆಲಂಗಾಣ, ಆಂಧ್ರದ ನಂಬರಿನ ಗಾಡಿಯಾದರೆ ಎನ್‌ಒಸಿ ಕೈಗೆ ಬರದೆ ದುಡ್ಡು ಕೊಡಬೇಡಿ.

ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿದರೆ ಗಾಡಿ ಗಟ್ಟಿ ಅಂದುಕೊಳ್ಳುವವರಿದ್ದಾರೆ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅದನ್ನು ಬೇಡವೆಂದಿದೆ, ಎದುರಿಗೆ ಬಂದ ಪಾದಚಾರಿಗೂ ಒಳಗಿದ್ದವರಿಗೂ ಅಪಾಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ರೂಪ ಬದಲಿಸಲು ಬಿಡುವುದಿಲ್ಲ. ಎತ್ತರಿಸುವುದು, ದೈತ್ಯ ಟೈರು ಹಾಕಿಸುವುದು ಎಲ್ಲ ಅದರಡಿ ಬರುತ್ತವೆ.

ಗಾಡಿಯೊಳಗೆ

ಜಾಕಿನ ಕೆಳಗಿಡಲು ಒಂದಡಿ ಚೌಕದ ದಪ್ಪ ಹಲಗೆ ಮೊದಲು. ಹಸಿ ಎರಿಯಲ್ಲಿ ಜಾಕು ತಿರುಗಿಸಿದರೆ ಗಾಡಿ ಮೇಲೆ ಬರುವುದಿಲ್ಲ, ಜಾಕು ಕೆಳಗೆ ಹೋಗುತ್ತದೆ. ಆಮೇಲೆ ಹಾರೆ, ಸಲಿಕೆ, ನಾಲ್ಕು ಗೋಣಿಚೀಲ, ಎಳೆಯಲು ಅಗಲ ಪಟ್ಟಿ, ಕೊಂಡಿ. ಸರಪಳಿಗಿಂತ ಪಟ್ಟಿ ಒಳ್ಳೆಯದು. ಹರಿದ ಸರಪಳಿ ಗುಂಡಿನ ಹಾಗೆ ಬರುತ್ತದೆ. ಯಾವುದೇ ಆಗಲಿ, ಎಳೆಯುವಾಗ ನಡುವೆ ಒಂದು ಒದ್ದೆ ಚೀಲ ಹೊದಿಸಿ, ಜನರನ್ನು ದೂರ ನಿಲ್ಲಿಸಿ. ಹಣೆಗೆ ಕಟ್ಟುವ ಬ್ಯಾಟರಿ, ಪಂಕ್ಚರ್ ಕಿಟ್ಟು, ಐದು ಲೀಟರು ನೀರು, ಕುಡಿಯಲೂ ರೇಡಿಯೇಟರಿಗೂ. ಕಾಲುವೆ ದಂಡೆಯ ಮೇಲೆ ಓಡಾಡುವವರ ಕೈಗೆಟಕುವಲ್ಲಿ ಚೂಪು ಮೂತಿಯ ಸುತ್ತಿಗೆ ಇರಲಿ. ಗಾಡಿ ಕಾಲುವೆಗೆ ಬಿದ್ದರೆ ಒಡೆಯಬೇಕಾದದ್ದು ಪಕ್ಕದ ಗಾಜು. ಮುಂದಿನದು ಪದರದ ಗಾಜು, ಬಿರಿಯುತ್ತದೆ, ಉದುರುವುದಿಲ್ಲ. ಟ್ಯಾಂಕಿನಲ್ಲಿ ಮಳೆಗಾಲ ಪೂರ್ತಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಇರಲಿ. ಕರೆಂಟು ಹೋದರೆ ಬಂಕಿನ ಪಂಪು ಓಡುತ್ತದೆ ಎಂಬ ನಂಬಿಕೆ ಬೇಡ.

ಯಾರು, ಎಲ್ಲಿ

ಊರಿನಲ್ಲಿ ಯಾರ ಗಾಡಿ, ರಾತ್ರಿ ಯಾರು ಹೊಡೆಯುತ್ತಾರೆ, ಯಾವ ದಾರಿ ಯಾವ ನೀರಿಗೆ ಮುಳುಗುತ್ತದೆ, ಸುತ್ತುದಾರಿ ಎಷ್ಟು ಉದ್ದ ಎಂಬುದನ್ನು ಮೇ ತಿಂಗಳಲ್ಲೇ ಕಟ್ಟೆಯ ಮೇಲೆ ಕೂತು ಮಾತಾಡಿಕೊಳ್ಳಬೇಕು. ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾವ ತಿಂಗಳು ಹೆರಿಗೆ ಅಂತ ಗೊತ್ತಿರುತ್ತದೆ. ದಿನ ತುಂಬಿದವಳನ್ನು ಜಡಿ ಹಿಡಿಯುವ ಮೊದಲೇ ಊರಿಗೆ ಕರೆತಂದು ಇಟ್ಟರೆ ಟ್ರ್ಯಾಕ್ಟರೂ ಬೇಡ, ಜೀಪೂ ಬೇಡ. ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112, ಜಿಲ್ಲಾ ವಿಪತ್ತು ಕೊಠಡಿಗೆ 1077. ಮೂರನ್ನೂ ಗೋಡೆಯ ಮೇಲೆ ಇದ್ದಿಲಿನಲ್ಲಾದರೂ ಬರೆದಿಡಿ.

ಗಾಡಿಯ ಯಜಮಾನ ಬೆಂಗಳೂರಿಗೆ ಹೋದ ದಿನವೇ ಆಪತ್ತು ಬರಬಹುದು. ಕೀಲಿಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ. ಅದು ಅಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗೆ, ನೆರೆಮನೆಯಲ್ಲಿ ಒಬ್ಬರಿಗೆ ಇವತ್ತೇ ಹೇಳಿಡಿ.